ಹಗ್ಗದ ತುದಿಯ ಕೆಂಪು ಚಿಂದಿ

ಹಸಿ ಹಗ್ಗಕ್ಕೆ ಒಂದು ವಾಸನೆ ಇರುತ್ತದೆ. ಒಣಗಿದ ಮೇಲೆ ಅದು ಉಳಿಯುವುದಿಲ್ಲ. ಗಂಜಿ ಹಾಕಿದ ನೂಲು, ಹೊಂಡದ ಹಾವಸಿ, ಹಳೆಯ ಗೋಣಿಚೀಲ, ಇವು ಮೂರೂ ಕೂಡಿದಂಥ ವಾಸನೆ. ಹೋದ ತಿಂಗಳು ಮಲಪ್ರಭೆಯ ಹಿನ್ನೀರಿನ ದಂಡೆಯ ಮೇಲೆ, ದೋಣಿ ಕಲಿಸುವ ಮಾಸ್ತರರು ಬಕೆಟ್ಟಿನಲ್ಲಿ ನೆನೆಹಾಕಿದ್ದ ಎರಡು ಹಗ್ಗ ತೆಗೆದು ನನ್ನ ಕೈಗೆ ಕೊಟ್ಟಾಗ ಆ ವಾಸನೆ ಮೂಗಿಗೆ ಬಂತು. ಯಾರದೋ ಮನೆಯ ಬಾಗಿಲು ತೆರೆದ ಹಾಗಾಯಿತು... ಯಾರ ಮನೆ ಅಂತ ಮಾತ್ರ ಆ ಕ್ಷಣಕ್ಕೆ ಹೊಳೆಯಲಿಲ್ಲ.

ದೋಣಿಯ ಸಂಗತಿ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅರವತ್ತು ದಾಟಿದ ಕನ್ನಡ ಸಾಲಿ ಅಕ್ಕೋರಿಗೆ ಇದೇನು ಹುಚ್ಚು ಅಂತ ನೀವು ಅಂದುಕೊಂಡೀರಿ. ನಮ್ಮ ಮನೆಯವರು ನಿವೃತ್ತಿಯಾದ ಮೇಲೆ ಬೆಳವಣಕಿಯ ಗೆಳೆಯರೊಬ್ಬರ ಕೂಡ ಸೇರಿ ಒಂದು ಹಳೆಯ ಮೋಟಾರು ದೋಣಿ ತಂದರು. ಮೀನು ಹಿಡಿಯಲಿಕ್ಕಲ್ಲ, ಬಾಡಿಗೆಗೂ ಅಲ್ಲ. ರವಿವಾರ ಬುತ್ತಿ ಕಟ್ಟಿಕೊಂಡು ಹೋಗಿ ನೀರಿನ ಮೇಲೆ ಒಂದು ಸುತ್ತು ಹಾಕಿ ಬರಲಿಕ್ಕೆ. ನರಗುಂದದ ಕರಿಮಣ್ಣಿನಲ್ಲಿ ಹುಟ್ಟಿ ಬೆಳೆದ ಇವರಿಗೆ ನೀರು ಅಂದರೆ ಅಷ್ಟು ಮೋಹ. ಆದರೆ ಮೋಜಿನ ದೋಣಿಗೂ ಲೈಸನ್ಸು ಬೇಕು ಅಂತ ಗೊತ್ತಾದದ್ದು ದೋಣಿ ಬಂದು ದಂಡೆಗೆ ನಿಂತ ಮೇಲೆ. ಗೆಳೆಯರಿಗೆ ಸೊಂಟ ನೋವು. ಇವರಿಗೆ ಕಣ್ಣಿನಲ್ಲಿ ಪರದೆ; ದೃಷ್ಟಿ ಸರಿಯಿದೆ ಅಂತ ಡಾಕ್ಟರು ಚೀಟಿ ಬರೆದುಕೊಡಲಿಲ್ಲ. ಎರಡು ತಿಂಗಳು ದೋಣಿ ತಾಡಪತ್ರಿ ಹೊದ್ದುಕೊಂಡು ಮಲಗಿತ್ತು.

"ನೀ ನಡಸ್ತಿ ಏನ ಮತ್ತ?" ಅಂತ ಒಂದು ದಿನ ಊಟದ ಹೊತ್ತಿನಲ್ಲಿ ಇವರು ಚೇಷ್ಟೆ ಮಾಡಿದರು.

"ನಿಮ್ಮನ್ನ ಮೂವತ್ತೈದ ವರ್ಷ ನಡಸೀನಿ, ದೋಣಿ ಏನ ದೊಡ್ಡದು" ಅಂದೆ. ಅಂದ ಮೇಲೆ ಹಿಂದೆ ಸರಿಯುವ ಹಾಗಿರಲಿಲ್ಲ.

ಓದಿ ಬರೆಯುವ ಪರೀಕ್ಷೆ ಸಲೀಸಾಗಿ ಮುಗಿಯಿತು. ಉಳಿದದ್ದು ನೀರಿನ ಮೇಲಿನ ಪರೀಕ್ಷೆ. ಮೋಟಾರು ಚಾಲೂ ಮಾಡಬೇಕು, ದೋಣಿಯನ್ನು ಕಟ್ಟೆಗೆ ತಾಗದ ಹಾಗೆ ತಂದು ನಿಲ್ಲಿಸಬೇಕು, ನೀರಿಗೆ ಬಿದ್ದವರನ್ನು ಮೇಲೆತ್ತುವುದನ್ನು ಮಾಡಿ ತೋರಿಸಬೇಕು, ಕೊನೆಗೆ ಹಗ್ಗದ ಗಂಟುಗಳು. ಕಲಿಸಲಿಕ್ಕೆ ಹೊನ್ನಾವರದ ಕಡೆಯ ಮಾಸ್ತರರೊಬ್ಬರು ಸಿಕ್ಕರು. ಮೆತ್ತಗಿನ ಮಾತಿನವರು, ವಯಸ್ಸಿನಲ್ಲಿ ನನ್ನ ಮಗನಷ್ಟು.

"ಬಿದ್ದವರಿಗೆ ನಿಮ್ಮ ಹಗ್ಗ ಮುಟ್ಟೋದಿಲ್ಲ ಅಂತ ಇಟ್ಟುಕೊಳ್ಳಿ ಅಮ್ಮ. ಇನ್ನೊಂದನ್ನು ಸೇರಿಸಬೇಕು. ಒಂದು ದಪ್ಪ, ಒಂದು ಸಣ್ಣ. ಜೋಡಿಸಿ ನೋಡುವಾ" ಅಂದರು.

ಮನೆಯಲ್ಲಿ ಎಲ್ಲರೂ ಕಟ್ಟುವ ಹಾಗೆ ಎರಡು ಸಲ ಸುತ್ತಿ ಬಿಗಿದು ಕಟ್ಟಿದೆ. ಒಂದು ತುದಿ ಅವರು ಹಿಡಿದರು, ಒಂದು ನಾನು. "ಜಗ್ಗಿ" ಅಂದರು. ಮೈಭಾರ ಹಾಕಿ ಹಿಂದಕ್ಕೆ ವಾಲಿದೆ. ಒಂದು ಗಳಿಗೆ ತಡೆಯಿತು. ಆಮೇಲೆ ಕೈಯೊಳಗಿನ ಹಗ್ಗ ಹಗುರಾಯಿತು... ನಾನು ಕೆಸರಿನಲ್ಲಿ ಕೂತಿದ್ದೆ.

"ಪರೀಕ್ಷಾದಾಗ ಹಿಂಗ ಕುಂತ್ರ ನಪಾಸ ನೋಡ" ಅಂತ ಇವರು ಒಡ್ಡಿನ ಮೇಲಿನಿಂದ ನಕ್ಕರು. ನನಗೆ ನಗು ಬರಲಿಲ್ಲ. ಕೈಯೊಳಗಿನ ಆ ಹಗುರ ನನಗೆ ಗೊತ್ತಿದ್ದದ್ದು. ನಲವತ್ತು ವರ್ಷದ ಹಿಂದೆ ಒಂದು ಸಲ ಹೀಗೇ ಆಗಿತ್ತು, ಹೀಗೇ ಕೂತಿದ್ದೆ.

"ಹಗ್ಗ ಹರೀತೇನ್ರಿ?" ಅಂತ ಕೇಳಿದೆ.

"ಹರಿದರೆ ಸದ್ದು ಬರ್ತದೆ ಅಮ್ಮ, ಪೆಟ್ಟು ಹೊಡೆದ ಹಾಗೆ. ಇದು ಗಂಟು ಜಾರಿದ್ದು. ಜಾರೋದಕ್ಕೆ ಸದ್ದಿಲ್ಲ."

ಮಾಸ್ತರರು ಬಕೆಟ್ಟಿನಿಂದ ಇನ್ನೊಂದು ಜೋಡಿ ಹಗ್ಗ ತೆಗೆದು ಸರಿಯಾದ ಗಂಟನ್ನು ತೋರಿಸತೊಡಗಿದರು. ದಪ್ಪ ಹಗ್ಗವನ್ನು ಮಡಚಿ ಹಿಡಿದರು, ಸಣ್ಣದನ್ನು ಮಡಿಕೆಯೊಳಗಿಂದ ಮೇಲೆ ತಂದರು. ಅವರು ಮುಂದಿನ ಸುತ್ತು ಹಾಕುವುದಕ್ಕೆ ಮೊದಲೇ ನನ್ನ ಬೆರಳು ನನ್ನ ಹಗ್ಗದಲ್ಲಿ ಅದನ್ನು ಮುಗಿಸಿ ಬಿಗಿದಿದ್ದವು. ಅವರು ಎಷ್ಟು ಜಗ್ಗಿದರೂ ಬಿಡಲಿಲ್ಲ.

"ನಿಮಗೆ ಬರ್ತಿತ್ತಲ್ಲ ಅಮ್ಮ. ಮತ್ತೆ ಯಾಕೆ ಮೊದಲು ಹಾಗೆ ಕಟ್ಟಿದ್ರಿ? ಯಾರು ಕಲಿಸಿದ್ದು?"

ನಾನು ಗಂಟನ್ನು ನೋಡುತ್ತ ಕೂತೆ. ಅದು ಹಗ್ಗದ ಗಂಟಲ್ಲ. ನೂಲಿನ ಗಂಟು. ಚಾಚಿಯ ಗಂಟು.

ಗಜೇಂದ್ರಗಡದಲ್ಲಿ ನಮ್ಮದೂ ಚಾಚಿಯದೂ ಒಂದೇ ಗೋಡೆಯ ಮನೆ. ಗೋಡೆಯ ಈಚೆ ನಾವು, ಆಚೆ ಅವರ ಮಗ್ಗ. ಬೆಳಗಾದರೆ ಲಾಳಿಯ ಸದ್ದಿಗೆ ನಮ್ಮ ಮನೆಯ ಗೂಡಿನಲ್ಲಿಟ್ಟ ಲೋಟ ನಡುಗುತ್ತಿದ್ದವು. ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಚಾಚಾ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಪಟ್ಟೇದಂಚಿನ ಸೀರೆ ನೇಯುವರು. ಚಾಚಿ ಪಕ್ಕದಲ್ಲಿ ರಾಟಿ ಇಟ್ಟುಕೊಂಡು ಲಾಳಿಯ ಕಂಡಿಕೆಗೆ ನೂಲು ಸುತ್ತುವಳು. ಆಕೆಯ ಸೊಂಟದಲ್ಲಿ ಒಂದು ಸಣ್ಣ ಕತ್ತರಿ ದಾರಕ್ಕೆ ಕಟ್ಟಿ ಸದಾ ಜೋತಾಡುತ್ತಿತ್ತು. ನೂಲಿನ ಎಳೆ ತುದಿಯಲ್ಲಿ ಬಿಚ್ಚಿಕೊಂಡು ನಿಂತರೆ ಆಕೆಗೆ ಸಹಿಸುತ್ತಿರಲಿಲ್ಲ. ನಮ್ಮ ಮನೆಗೆ ಬಂದಾಗ ನನ್ನ ಸೀರೆಯ ಸೆರಗಿನಲ್ಲಿ ಒಂದು ದಾರ ಹೊರಗೆ ಕಂಡರೂ ಮಾತಾಡುತ್ತ ಮಾತಾಡುತ್ತ ಚಕ್ಕನೆ ಕತ್ತರಿಸಿಬಿಡುವಳು.

ನಾನಾಗ ಮಾಸ್ತರಿಕೆಯ ಟ್ರೇನಿಂಗು ಮುಗಿಸಿ ನೌಕರಿಯ ಆರ್ಡರಿಗೆ ಕಾಯುತ್ತ ಮನೆಯಲ್ಲಿದ್ದೆ. ಇಪ್ಪತ್ತೊಂದು ವರ್ಷ. ಹಗಲೆಲ್ಲ ಚಾಚಿಯ ಹತ್ತಿರವೇ. ಹಾಸಿನಲ್ಲಿ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ನೂಲಿನಲ್ಲಿ, ಎಳೆ ಹರಿದರೆ ಜೋಡಿಸುವುದನ್ನು ನನಗೆ ಕಲಿಸಿದಳು. ಮೊದಮೊದಲು ನಾನು ಹಾಕಿದ ಗಂಟು ಮಗ್ಗದ ಹಣಿಗೆಯ ಹಲ್ಲು ದಾಟುವುದರೊಳಗೆ ಬಿಚ್ಚಿಹೋಗುತ್ತಿತ್ತು.

"ಹಂಗಲ್ಲ ಬೇಟಿ. ದಪ್ಪಂದು ಬಗ್ಗಬೇಕು, ಸಣ್ಣದು ಸುತ್ತಬೇಕು. ಆಮ್ಯಾಲೆ ಎರಡೂ ಕೂಡಿ ಜಗ್ಗಿದಷ್ಟೂ ಬಿಗಿ ಆಕ್ಕಾವು."

ಚಾಚಾ ಕುಣಿಯೊಳಗಿಂದಲೇ ತಲೆ ಎತ್ತದೆ ಅನ್ನುವರು: "ನಮ್ಮಿಬ್ಬರ ಕಥಿನ ಹೇಳಾಕತ್ತಾಳ ನೋಡ್ವಾ. ನಾ ದಪ್ಪ, ಬಗ್ಗೀನಿ. ಈಕಿ ಸಣ್ಣಾಕಿ, ಕೊರಳಿಗೆ ಸುತಗೊಂಡಾಳ."

"ಸುತಗೊಂಡಿದ್ದಕ್ಕ ನಿಂತೀರಿ. ಇಲ್ಲಾಂದ್ರ ಎಲ್ಲೋ ಉದರಿ ಬೀಳ್ತಿದ್ರಿ" ಅಂತ ಚಾಚಿ.

ದಿನಾ ಅದೇ ಮಾತು, ದಿನಾ ಇಬ್ಬರೂ ಹೊಸದಾಗಿ ಕೇಳಿದ ಹಾಗೆ ನಗುವರು. ಎರಡು ತಿಂಗಳಲ್ಲಿ ನಾನು ಕಣ್ಣು ಮುಚ್ಚಿ ಆ ಗಂಟು ಹಾಕುವಷ್ಟಾದೆ. ಚಾಚಿ ಒಂದು ದಪ್ಪ ಎಳೆ, ಒಂದು ರೇಷ್ಮೆಯ ಎಳೆ ಕೊಟ್ಟು ಕಟ್ಟಿಸಿ, ಹಲ್ಲಿನಿಂದ ಜಗ್ಗಿ ನೋಡಿ, "ಪಾಸ್" ಅಂದಿದ್ದಳು.

ಬಣ್ಣ ಹಾಕಿದ ನೂಲಿನ ಲಡಿಗಳನ್ನು ತೊಳೆಯಲಿಕ್ಕೆ ಗುಡ್ಡದ ಬುಡದ ಹೊಂಡಕ್ಕೆ ಹೋಗುವುದು ರೂಢಿ. ಆ ವರ್ಷ ಮಳೆ ಚೆನ್ನಾಗಿ ಬಂದು ಹೊಂಡ ಮೆಟ್ಟಿಲಿನ ಮೇಲಿನ ಪಾವಟಿಗೆಯವರೆಗೆ ತುಂಬಿತ್ತು. ಒಂದು ಮುಂಜಾನೆ ನಾವು ಮೂವರೂ ಹೋದೆವು. ಚಾಚಾ ಕೆಂಪು ಲಡಿಗಳನ್ನು ನೀರಿಗಿಳಿದು ಜಾಲಿಸುತ್ತಿದ್ದರು. ತೊಳೆದ ಲಡಿ ಹರವಲಿಕ್ಕೆ ಚಾಚಿ ಮನೆಯ ಬಾವಿಯ ಹಗ್ಗ ತಂದಿದ್ದಳು. ಪುಂಡಿನಾರಿನ ದಪ್ಪ ಹಗ್ಗ. ಅದರ ತುದಿ ಬಿಚ್ಚಿಕೊಳ್ಳಬಾರದು ಅಂತ ಒಂದು ಕೆಂಪು ಚಿಂದಿಯನ್ನು ಬಿಗಿಯಾಗಿ ಸುತ್ತಿ ಹೊಲಿದಿದ್ದಳು. ಅದು ಆಕೆಯ ಕೆಲಸವೇ. ಇನ್ನಾರೂ ಬಾವಿಯ ಹಗ್ಗಕ್ಕೆ ಅಷ್ಟು ಚೆಂದ ಹೊಲಿಗೆ ಹಾಕುವುದಿಲ್ಲ.

ಚಾಚಾ ಪಾಚಿಗಟ್ಟಿದ ಹಾವಸಿಯ ಮೇಲೆ ಕಾಲಿಟ್ಟು ಜಾರಿದ್ದು ನಾನು ನೋಡಲಿಲ್ಲ. ಚಾಚಿ ಕೂಗಿದ್ದು ಕೇಳಿ ತಿರುಗಿದೆ. ಕೆಂಪು ಲಡಿಗಳು ನೀರಿನ ಮೇಲೆ ಹರಡಿದ್ದವು, ಅವುಗಳ ನಡುವೆ ಚಾಚಾನ ಎರಡು ಕೈ. ಅವರಿಗೆ ಈಜು ಬರುತ್ತಿರಲಿಲ್ಲ. ನಮಗೂ ಬರುತ್ತಿರಲಿಲ್ಲ. ಚಾಚಿ ನೀರಿನಂಚಿನ ಪಾವಟಿಗೆಯ ಮೇಲೆ ಹೊಟ್ಟೆಯಡಿಯಾಗಿ ಮಲಗಿ ಸೆರಗು ಎಸೆದಳು, ಮುಟ್ಟಲಿಲ್ಲ. ಹಗ್ಗ ಎಸೆದೆವು, ಅದೂ ಒಂದು ಮಾರು ಕಡಿಮೆ ಬಿತ್ತು. ಲಡಿಯ ಹೊರೆ ಕಟ್ಟಿದ್ದ ನೂಲಿನ ಹುರಿ ನನ್ನ ಕಾಲ ಹತ್ತಿರವಿತ್ತು.

"ಕಟ್ಟ ಬೇಟಿ, ಲಗೂ ಕಟ್ಟ, ಎರಡೂ ಕೂಡಿಸಿ ಕಟ್ಟ" ಅಂದಳು. ಆಕೆಯ ಕಣ್ಣು ನೀರಿನ ಮೇಲಿತ್ತು.

ನಾನು ಕಟ್ಟಿದೆ. ಕೆಂಪು ಚಿಂದಿಯ ಹತ್ತಿರ, ಹಗ್ಗಕ್ಕೆ ಹುರಿಯನ್ನು ಎರಡು ಸಲ ಸುತ್ತಿ ಬಿಗಿದು ಕಟ್ಟಿದೆ. ನಮ್ಮವ್ವ ಕೊಡಕ್ಕೆ ಕಟ್ಟುತ್ತಿದ್ದ ಹಾಗೆ, ಹುಲ್ಲಿನ ಹೊರೆಗೆ ಎಲ್ಲರೂ ಕಟ್ಟುವ ಹಾಗೆ. ನೂಲಿಗೆ ಒಂದು ಗಂಟು, ಹಗ್ಗಕ್ಕೆ ಒಂದು ಗಂಟು ಅಂತ ನನ್ನ ತಲೆಯಲ್ಲಿ ಬೇರೆ ಬೇರೆ ಇದ್ದವು. ಮಗ್ಗದ ಗಂಟು ಮಗ್ಗ ಬಿಟ್ಟು ಹೊರಗೆ ಬರುತ್ತದೆ ಅಂತ ನನಗೆ ಯಾವತ್ತೂ ಅನಿಸಿರಲಿಲ್ಲ.

ಮತ್ತೆ ಎಸೆದೆವು, ಹುರಿಯ ತುದಿ ಚಾಚಾನ ಕೈಗೆ ಸಿಕ್ಕಿತು. ಸಿಕ್ಕಿತು ಅಂತ ನಾನು ಇವತ್ತಿಗೂ ಪ್ರಮಾಣ ಮಾಡಿ ಹೇಳಬಲ್ಲೆ. ನಾವಿಬ್ಬರೂ ಜಗ್ಗಿದೆವು, ಅವರು ಬಂದರು, ಅರ್ಧ ದಾರಿ ಬಂದರು. ಮುಖ ನೀರಿನ ಮೇಲೆ ಬಂತು. ನನ್ನನ್ನು ನೋಡಿದರು. ಆಗ ಕೈಯೊಳಗಿನ ಹಗ್ಗ ಹಗುರಾಯಿತು... ನಾನು ಹಿಂದಕ್ಕೆ ಬಿದ್ದು ಕಲ್ಲಿಗೆ ತಲೆ ಬಡಿದುಕೊಂಡೆ.

ಕಣ್ಣು ತೆರೆದಾಗ ಮೇಲಿನ ದಾರಿಯಲ್ಲಿ ಮಂದಿ ಓಡಿ ಬರುವ ಸದ್ದು. ಚಾಚಿ ನನಗೆ ಬೆನ್ನು ಮಾಡಿ ಪಾವಟಿಗೆಯ ಮೇಲೆ ಕೂತಿದ್ದಳು. ಹಗ್ಗ ಆಕೆಯ ಮಡಿಲಲ್ಲಿತ್ತು, ಅದರ ಮೇಲೆ ಬಾಗಿ ಸೆರಗು ಮುಚ್ಚಿಕೊಂಡಿದ್ದಳು, ಭುಜ ಅಲುಗುತ್ತಿತ್ತು. ಹಗ್ಗವನ್ನು ಅಪ್ಪಿಕೊಂಡು ಅಳುತ್ತಿದ್ದಾಳೆ ಅಂದುಕೊಂಡೆ. ಮಂದಿ ಬಂದು ಹ್ಯಾಂಗಾತು, ಏನಾತು ಅಂತ ಕೇಳಿದರು. ಚಾಚಿ ಹಗ್ಗ ಎತ್ತಿ ತೋರಿಸಿದಳು.

"ಹರೀತು. ಹಳೇ ಹಗ್ಗ ಇತ್ತು" ಅಂದಳು. ಅಷ್ಟೇ.

ಹುರಿ ಎಲ್ಲಿ ಹೋಯಿತೋ, ಯಾರೂ ಕೇಳಲಿಲ್ಲ. ಯಾರು ಗಂಟು ಕಟ್ಟಿದ್ದು ಅಂತಲೂ ಕೇಳಲಿಲ್ಲ. ಹಗ್ಗ ಹರಿದ ಮೇಲೆ ಗಂಟಿನ ಮಾತು ಯಾಕೆ ಬರುತ್ತದೆ? ನಾನೂ ಅದನ್ನೇ ನಂಬಿದೆ. ನಲವತ್ತು ವರ್ಷ ನಂಬಿದೆ.

ಚಾಚಾನ ಮಣ್ಣು ಮುಗಿದ ಮೇಲೆ ಆ ಹಗ್ಗವನ್ನು ಚಾಚಿ ಮಗ್ಗದ ಮನೆಯ ಗೂಟಕ್ಕೆ ತೂಗುಹಾಕಿದಳು, ಮತ್ತೆ ಬಾವಿಗೆ ಬಿಡಲಿಲ್ಲ. ನಾನು ದಿನಾ ಹೋಗಿ ಅದರ ಎದುರಿಗೇ ಕೂಡುತ್ತಿದ್ದೆ. ಅದರ ತುದಿಯಲ್ಲಿ ಕೆಂಪು ಚಿಂದಿ ಇರಲಿಲ್ಲ. ತುದಿ ಸಾಪಾಗಿ, ಕೊಯ್ದ ಹಾಗೆ ಇತ್ತು. ಹರಿದ ಪುಂಡಿನಾರು ಮುದುಕರ ಗಡ್ಡದ ಹಾಗೆ ಕೆದರಿರುತ್ತದೆ ಅಂತ ಗೊತ್ತಿರದವಳಲ್ಲ ನಾನು. ಆದರೂ ನೋಡಿ ಏನಂದುಕೊಂಡೆ ಅಂದರೆ, ಕೆದರಿದ ತುದಿಯನ್ನು ಚಾಚಿಗೆ ನೋಡಲಿಕ್ಕಾಗುವುದಿಲ್ಲ, ರೂಢಿಯಂತೆ ಕತ್ತರಿಸಿರಬೇಕು ಅಂತ. ಆಕೆಯ ಗುಣ ನನಗೆ ಅಷ್ಟು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ನನ್ನ ಕಣ್ಣು ಮುಚ್ಚಿತು.

ಮೂರು ತಿಂಗಳಿಗೆ ನನಗೆ ಆರ್ಡರು ಬಂತು. ಹೊರಡುವ ದಿನ ಚಾಚಿ ಬುತ್ತಿ ಕಟ್ಟಿಕೊಟ್ಟು, ಬಸ್ ಸ್ಟ್ಯಾಂಡಿನವರೆಗೆ ಬಂದಳು. ಬಸ್ಸು ಹತ್ತುವಾಗ ನನ್ನ ಎರಡೂ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಒತ್ತಿದಳು. "ಚಲೋ ಬೆರಳ ಅದಾವು. ಇವುಕ್ಕ ಏನೂ ಅನಬ್ಯಾಡ" ಅಂದಳು. ನೂಲು ಬಿಟ್ಟು ಸೀಮೆಸುಣ್ಣ ಹಿಡಿಯುವಾಕೆಗೆ ಧೈರ್ಯ ಹೇಳುತ್ತಿದ್ದಾಳೆ ಅಂದುಕೊಂಡೆ... ಆಮೇಲೆ ಸಾಲಿ, ಮದುವೆ, ಮಕ್ಕಳು. ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದದ್ದು ಎರಡು ವರ್ಷಕ್ಕೊಮ್ಮೆ ಆಯಿತು, ಅಪ್ಪ ಅವ್ವ ಹೋದ ಮೇಲೆ ಅದೂ ನಿಂತಿತು. ಚಾಚಿ ತೀರಿಹೋದ ಸುದ್ದಿ ನನಗೆ ಮುಟ್ಟಿದ್ದು ಆರು ತಿಂಗಳು ತಡವಾಗಿ.

ಹಿನ್ನೀರಿನ ದಂಡೆಯ ಕೆಸರಿನಲ್ಲಿ ಕೂತು, ಮಾಸ್ತರರ ಹಗ್ಗ ಕೈಯಲ್ಲಿ ಹಿಡಿದು, ಇದೆಲ್ಲ ಒಂದೊಂದಾಗಿ ಜೋಡಿಸಿಕೊಂಡೆ. ಆವತ್ತು ಸದ್ದು ಬರಲಿಲ್ಲ. ಹಗ್ಗ ಹರಿಯಲಿಲ್ಲ. ನಾನು ಕಟ್ಟಿದ ಗಂಟು ಜಾರಿತು. ಚಿಂದಿ ಸುತ್ತಿದ ತುದಿ ಇದ್ದದ್ದು ಇದ್ದ ಹಾಗೇ ಚಾಚಿಯ ಕೈಗೆ ಬಂತು, ಆಕೆ ಅದನ್ನು ನೋಡಿದಳು. ಗಂಡ ಇನ್ನೂ ನೀರಿನಲ್ಲಿದ್ದಾಗ, ಮಂದಿ ಕೆಳಗಿಳಿದು ಬರುವುದರೊಳಗೆ, ಸೊಂಟದ ಕತ್ತರಿಯಿಂದ ಆ ತುದಿಯನ್ನು ಕೊಯ್ದು ಎಸೆದಳು. ಅಲುಗುತ್ತಿದ್ದ ಭುಜ ಅಳುವುದಕ್ಕೆ ಅಲುಗಿದ್ದಲ್ಲ. ಪುಂಡಿನಾರು ಆ ಸಣ್ಣ ಕತ್ತರಿಗೆ ಬೇಗ ಬಗ್ಗುವಂಥದಲ್ಲ. ಮತ್ತು ಜಾರದಂಥ ಗಂಟು ಆವತ್ತು ನನ್ನ ಬೆರಳಲ್ಲೇ ಇತ್ತು. ಆಕೆಯೇ ಕಲಿಸಿದ್ದಳು, ಹಲ್ಲಿನಿಂದ ಜಗ್ಗಿ ಪಾಸು ಮಾಡಿದ್ದಳು.

ಮನೆಗೆ ಬಂದು "ಪರೀಕ್ಷಾಕ್ಕ ನಾ ವಲ್ಲೆ" ಅಂದೆ. ಇವರು ಮೊದಲು ಚೇಷ್ಟೆ ಮಾಡಿದರು, ನನ್ನ ಮುಖ ನೋಡಿ ಎದ್ದು ಹೋಗಿ ಕುಡಿಯಲಿಕ್ಕೆ ನೀರು ತಂದಿಟ್ಟರು.  ಪಾತ್ರೆ ತೊಳೆಯುವಾಗ ನೀರೊಳಗಿನ ನನ್ನ ಕೈ ನೋಡಿದರೆ ಇನ್ನೆರಡು ಕೈ ಕಾಣುತ್ತಿದ್ದವು. ಮೂರನೆಯ ದಿನ ಒಬ್ಬಳೇ ಬಸ್ಸು ಹತ್ತಿ, ರೋಣದಲ್ಲಿ ಇಳಿದು ಬದಲಿಸಿ, ಗಜೇಂದ್ರಗಡಕ್ಕೆ ಹೋದೆ. ಆ ಹಗ್ಗ ಗೂಟಕ್ಕೆ ಇನ್ನೂ ಇದ್ದರೆ ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕಿತ್ತು. ನಾನು ಅಂದುಕೊಂಡದ್ದು ಸುಳ್ಳಾಗಲಿ ಅಂತ ದಾರಿಯುದ್ದಕ್ಕೂ ಬೇಡಿಕೊಂಡೆ.

ಚಾಚಿಯ ತಮ್ಮನ ಸೊಸೆ ಈಗ ಆ ಮನೆಯಲ್ಲಿದ್ದಾಳೆ. ಮಗ್ಗದ ಕುಣಿ ಮುಚ್ಚಿ ಟೈಲ್ಸು ಹಾಕಿಸಿದ್ದಾರೆ. ಅದರ ಮೇಲೆ ಹೊಲಿಗೆ ಮಶೀನು. ನಾನು ನರಗುಂದದಿಂದ ಬಂದ ಅಕ್ಕೋರು, ಮೊದಲು ಬಾಜೂ ಮನೆಯಲ್ಲಿದ್ದಾಕೆ ಅಂದೆ. ಚಹಾ ಸೋಸುತ್ತಿದ್ದಾಕೆ ಕೈ ನಿಲ್ಲಿಸಿ ನನ್ನನ್ನು ನೋಡಿದಳು.

"ನೀವ ಏನ್ರಿ ಅವರು?"

"ಗೂಟಕ್ಕ ಒಂದು ಪುಂಡಿನಾರಿನ ಹಗ್ಗ ಇತ್ತಲ್ಲವಾ..." ಅಂದೆ.

"ಇತ್ರಿ. ಜಡ್ಡಿಗೆ ಬಿದ್ದಾಗ ತಗಸಿ, ಎದುರಿಗೇ ನೀರಿನ ಒಲಿಗೆ ಹಾಕ್ಸಿದ್ಲರಿ ನಮ್ಮ ಮನಿಯವರ ಪುಪ್ಪು. ಪೂರಾ ಸುಡೂತನಕ ನೋಡ್ಕೊಂತ ಕುಂತಿದ್ಲು." ಆಕೆ ನನ್ನ ಮುಂದೆ ಕಪ್ಪು ಇಟ್ಟಳು. "ನನಗ ಎರಡ ಸಲ ಹೇಳಿ ಇಟ್ಟಿದ್ಲರಿ. ಇವತ್ತಿಲ್ಲ ನಾಳೆ ನರಗುಂದದಿಂದ ಅಕ್ಕೋರು ಬರ್ತಾರ, ಹಗ್ಗದ್ದ ಕೇಳ್ತಾರ. ಹಳೇದಿತ್ತು, ಹರೀತು, ಅಷ್ಟ ಹೇಳು ಅಂತ. ಏನ ಹಗ್ಗನ್ರಿ ಅದು?"

"ಬಾವಿ ಹಗ್ಗವಾ" ಅಂದೆ. ಚಹಾ ಕುಡಿದೆ. ಗೋಡೆಯಲ್ಲಿ ಗೂಟ ಮಾತ್ರ ಹಾಗೇ ಇತ್ತು, ಅದಕ್ಕೆ ಕ್ಯಾಲೆಂಡರು ತೂಗುಹಾಕಿದ್ದರು. ನಾನು ಬರುತ್ತೇನೆ ಅಂತ ಆಕೆಗೆ ಗೊತ್ತಿತ್ತು. ಎಂದಾದರೂ ಒಂದು ದಿನ ತಿಳಿಯುತ್ತದೆ ಅಂತ ಗೊತ್ತಿತ್ತು. ತಾನಿರದ ದಿನಕ್ಕೂ ಆ ಸುಳ್ಳನ್ನು ನನ್ನ ಸಲುವಾಗಿ ಇನ್ನೊಬ್ಬರ ಬಾಯಲ್ಲಿ ಇಟ್ಟು ಹೋಗಿದ್ದಳು.

ಹಿಂದಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಬೆರಳುಗಳನ್ನೇ ನೋಡುತ್ತ ಕೂತಿದ್ದೆ. ಏನೂ ಅನಬ್ಯಾಡ ಅಂದಿದ್ದಳು. ಅನ್ನದೆ ಇರಲಿಕ್ಕೆ ಆಗುತ್ತದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಆದರೆ ದೋಣಿ ದಂಡೆಯಲ್ಲಿದೆ. ನಾನಲ್ಲದಿದ್ದರೆ ಪರದೆ ಬಂದ ಕಣ್ಣಿನಲ್ಲಿ ಇವರು ಒಂದು ದಿನ ಅದನ್ನು ನೀರಿಗೆ ಇಳಿಸುವವರೇ. ಆವತ್ತು ಹಗ್ಗ ಯಾರ ಕೈಯಲ್ಲಿರುತ್ತದೆ?

ಪರೀಕ್ಷೆಗೆ ಹೋದೆ. ಸಾಹೇಬರು ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೋಟಾರು ಚಾಲೂ ಮಾಡಿದೆ, ಸುತ್ತು ಹಾಕಿದೆ, ಕಟ್ಟೆಗೆ ತಂದು ನಿಲ್ಲಿಸಿದೆ. ಆಮೇಲೆ ಮನುಷ್ಯ ಬಿದ್ದಿದ್ದಾನೆ ಅಂತ ತಿಳಿಯಿರಿ ಅಂದು ಒಂದು ಹಳದಿ ಕ್ಯಾನನ್ನು ನೀರಿಗೆ ಎಸೆಸಿದರು. ಗಾಳಿಗೆ ಅದು ದೂರ ಸರಿಯಿತು. ಎರಡು ಹಗ್ಗ ಕೈಗೆ ಬಂದವು. ದಪ್ಪದ್ದನ್ನು ಬಗ್ಗಿಸಿದೆ, ಸಣ್ಣದನ್ನು ಸುತ್ತಿದೆ.  ಎರಡನೆಯ ಎಸೆತಕ್ಕೆ ಹಗ್ಗದ ತುದಿಗೆ ಹಾಕಿದ್ದ ಕೊಕ್ಕೆ ಕ್ಯಾನಿನ ಹಿಡಿಕೆಗೆ ಸಿಕ್ಕಿತು. ಜಗ್ಗಿದೆ. ಅರ್ಧ ದಾರಿ ಬಂದಾಗ ನನಗರಿವಿಲ್ಲದೆ ಕಣ್ಣು ಮುಚ್ಚಿಕೊಂಡವು... ಹಗ್ಗ ಭಾರವಾಗೇ ಇತ್ತು. ಕ್ಯಾನು ದೋಣಿಯ ಮಗ್ಗುಲಿಗೆ ಬಂದು ಬಡಿಯಿತು.

ಸಾಹೇಬರು ಕಟ್ಟೆಯಿಂದ ಇಳಿದು ಬಂದು ಗಂಟನ್ನು ಹಿಡಿದು ಎರಡೂ ಕಡೆ ಜಗ್ಗಿ ನೋಡಿದರು. "ಗಟ್ಟಿ ಐತಲ್ರಿ ಅಕ್ಕೋರ. ಎಲ್ಲಿ ಕಲತ್ರಿ?"

"ಗಜೇಂದ್ರಗಡದಾಗ್ರಿ."

"ಅಲ್ಲೆಲ್ಲಿ ನೀರ್ರಿ?" ಅಂತ ಅವರು ನಕ್ಕರು. ಒಡ್ಡಿನ ಮೇಲೆ ನಿಂತಿದ್ದ ನಮ್ಮ ಮನೆಯವರೂ ನಕ್ಕರು.

"ಇತ್ರಿ" ಅಂದೆ. "ಆ ವರ್ಷ ಮ್ಯಾಲಿನ ಪಾವಟಿಗಿ ತನಕ ಇತ್ತು."

ಅವರು ಕಾಗದದ ಮೇಲೆ ಗುರುತು ಹಾಕಿ, ಸಾಕು, ಬಿಚ್ಚಿ ಕೊಡಿ ಅಂದರು. ನನಗೆ ಬಿಚ್ಚಲಿಕ್ಕಾಗಲಿಲ್ಲ. ಮಾಸ್ತರರು ಬಂದು ಹಗ್ಗವನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು.